ಖಾಲಿ ಬಿಟ್ಟ ಬಾಕ್ಸ್ ಖಾಲಿ ಇರುವುದಿಲ್ಲ

ಕ್ಯೂಬರ್ನೆಟೀಸ್ ಅಂದರೆ ಆ್ಯಪ್‌ಗಳ ಕಂಟೈನರ್‌ಗಳನ್ನು ಹಲವು ಮಶೀನ್‌ಗಳ ಮೇಲೆ ಓಡಿಸಿ ನೋಡಿಕೊಳ್ಳುವ ಸಾಫ್ಟ್‌ವೇರ್. ಅದರ ಮೇಲೆ ಕೂರುವ ಮ್ಯಾನೇಜ್‌ಮೆಂಟ್ ಪ್ಲಾಟ್‌ಫಾರ್ಮ್‌ಗಳ ಡೆಮೊ ನೋಡಿದವರಿಗೆಲ್ಲ ಒಂದೇ ಅನಿಸುತ್ತದೆ: ಇಷ್ಟೇನಾ? ಹೆಸರು ಹಾಕಿ, ಇಮೇಜ್ (ಕಂಟೈನರ್ ಆಗಿ ಓಡಲು ಕಟ್ಟಿಟ್ಟ ಆ್ಯಪ್‌ನ ಪೊಟ್ಟಣ) ಆರಿಸಿ, ಪೋರ್ಟ್ ಕೊಟ್ಟು, ನೆಕ್ಸ್ಟ್ ನೆಕ್ಸ್ಟ್ ಅಂತ ಒತ್ತುತ್ತಾ ಹೋದರೆ ಮೈಕ್ರೋಸರ್ವಿಸ್ (ದೊಡ್ಡ ಆ್ಯಪ್‌ನ ಒಂದು ಚಿಕ್ಕ ಸ್ವತಂತ್ರ ತುಂಡು) ಓಡುತ್ತದೆ. ಓಡುವುದೇನೋ ನಿಜ. ಆದರೆ ಆ ನೆಕ್ಸ್ಟ್‌ಗಳ ಮಧ್ಯೆ ನಾವು ಮುಟ್ಟದೇ ಬಿಟ್ಟ ಬಾಕ್ಸ್‌ಗಳು ಇರುತ್ತವಲ್ಲ, ಅವು ಖಾಲಿ ಉಳಿಯುವುದಿಲ್ಲ. ಕೆಲವನ್ನು ಪ್ಲಾಟ್‌ಫಾರ್ಮ್ ತುಂಬುತ್ತದೆ, ಉಳಿದವನ್ನು ಕ್ಯೂಬರ್ನೆಟೀಸ್ ತುಂಬುತ್ತದೆ. ಏನು ತುಂಬಿತ್ತು ಅಂತ ನಮಗೆ ತಿಳಿಯುವುದು ಮಾತ್ರ ಪಾಡ್, ಅಂದರೆ ಕಂಟೈನರ್ ಓಡುವ ಘಟಕ, ಸತ್ತ ಮೇಲೆ.

ನಮ್ಮ ಟೀಮ್ ಚಿಕ್ಕದು. ನಾನು ಬ್ಯಾಕೆಂಡ್ ಬರೆಯುವವನು. ಡಿಪ್ಲಾಯ್ ಮಾಡಲು ಅಂತ ಬೇರೆ ಜನ ಇಲ್ಲದ್ದರಿಂದ ಅದೂ ನನ್ನ ತಲೆಗೇ ಬಂತು. ಆ್ಯಪ್ ಏನೂ ವಿಶೇಷದ್ದಲ್ಲ: ಕ್ಯಾಟಲಾಗ್, ಕಾರ್ಟ್, ಆರ್ಡರ್, ಪೇಮೆಂಟ್, ನೋಟಿಫಿಕೇಶನ್, ಇವುಗಳ ಮುಂದೆ ಹೊರಗಿನ ರಿಕ್ವೆಸ್ಟ್‌ಗಳನ್ನು ತೆಗೆದುಕೊಳ್ಳುವ ಒಂದು ಗೇಟ್‌ವೇ. ಆರ್ಡರ್ ಮತ್ತು ಪೇಮೆಂಟ್ ಜಾವಾದ ಸ್ಪ್ರಿಂಗ್ ಬೂಟ್‌ನಲ್ಲಿವೆ. ಗೇಟ್‌ವೇ ಮತ್ತು ಕ್ಯಾಟಲಾಗ್ ಗೋ ಭಾಷೆಯಲ್ಲಿವೆ, ಅವೆರಡರ ನಡುವಿನ ಮಾತುಕತೆ ಜಿಆರ್‌ಪಿಸಿಯಲ್ಲಿ (ಸರ್ವಿಸ್‌ಗಳು ಒಂದನ್ನೊಂದು ಕರೆಯುವ ಒಂದು ವಿಧಾನ). ನೋಟಿಫಿಕೇಶನ್ ಪೈಥಾನ್. ಇವೆಲ್ಲ ಮೊದಲು ಒಂದೇ ಮಶೀನ್ ಮೇಲೆ ಡಾಕರ್ ಕಂಪೋಸ್‌ನಲ್ಲಿ (ಹಲವು ಕಂಟೈನರ್ ಒಟ್ಟಿಗೆ ಓಡಿಸುವ ಸಲಕರಣೆ) ಆರಾಮಾಗಿ ಓಡುತ್ತಿದ್ದವು.

ಇಂಥ ಪ್ಲಾಟ್‌ಫಾರ್ಮ್‌ಗಳಲ್ಲಿ ನಾವು ಆರಿಸಿಕೊಂಡದ್ದು ಕ್ಯೂಬ್‌ಸ್ಫಿಯರ್‌ನ 3ನೇ ವರ್ಷನ್. ರ‍್ಯಾಂಚರ್ ಇರಲಿ, ಓಪನ್‌ಶಿಫ್ಟ್ ಇರಲಿ, ಕೆಳಗಿರುವುದು ಅದೇ ಕ್ಯೂಬರ್ನೆಟೀಸ್ ಎಪಿಐ. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಮುಕ್ಕಾಲು ಪಾಲು ಯಾವ ಪ್ಲಾಟ್‌ಫಾರ್ಮ್‌ಗಾದರೂ ಹೊಂದುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗುವವರು ಒಂದು ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು. ಕ್ಯೂಬ್‌ಸ್ಫಿಯರ್‌ನಲ್ಲಿ ಪ್ರಾಜೆಕ್ಟ್ ಅಂದರೆ ಒಂದು ನೇಮ್‌ಸ್ಪೇಸ್ (ಕ್ಯೂಬರ್ನೆಟೀಸ್‌ನೊಳಗೆ ಬೇರೆ ಮಾಡಿಟ್ಟ ಒಂದು ಕೋಣೆ). ಓಪನ್‌ಶಿಫ್ಟ್‌ನಲ್ಲೂ ಹೆಚ್ಚುಕಮ್ಮಿ ಹಾಗೆಯೇ. ರ‍್ಯಾಂಚರ್‌ನಲ್ಲಿ ಪ್ರಾಜೆಕ್ಟ್ ಅಂದರೆ ಹಲವು ನೇಮ್‌ಸ್ಪೇಸ್‌ಗಳ ಗುಂಪು. ಯಾರಿಗೆ ಏನು ನೋಡಲು ಬಿಡಬೇಕು, ಎಷ್ಟು ಮೆಮೊರಿ ಕೊಡಬೇಕು ಅನ್ನುವುದೆಲ್ಲ ಇದರ ಮೇಲೆ ನಿಂತಿರುವುದರಿಂದ, ಮೊದಲೇ ತಿಳಿದುಕೊಂಡಿದ್ದರೆ ಆಮೇಲೆ ಪರ್ಮಿಶನ್‌ಗಳನ್ನು ಬಿಚ್ಚಿ ಕಟ್ಟುವ ಗೋಳು ತಪ್ಪುತ್ತದೆ.

ಇನ್‌ಸ್ಟಾಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ಲಸ್ಟರ್‌ನಲ್ಲಿ (ಕ್ಯೂಬರ್ನೆಟೀಸ್ ಓಡುವ ಮಶೀನ್‌ಗಳ ಗುಂಪಿನಲ್ಲಿ) ಡೀಫಾಲ್ಟ್ ಸ್ಟೋರೇಜ್ ಕ್ಲಾಸ್, ಅಂದರೆ ಡಿಸ್ಕ್ ಹೇಗೆ ಕೊಡಬೇಕು ಅನ್ನುವ ಸೆಟ್ಟಿಂಗ್, ಇರಬೇಕು, ಅದಿಲ್ಲದೆ ಮುಂದೆ ಹೋಗುವುದಿಲ್ಲ. ಎಲ್ಲ ಮುಗಿದ ಮೇಲೆ 30880 ಪೋರ್ಟ್‌ನಲ್ಲಿ ಕನ್ಸೋಲ್ ತೆರೆಯುತ್ತದೆ. ಒಳಗೆ ಹೋದ ಕೂಡಲೇ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ. ಡೀಫಾಲ್ಟ್ ಪಾಸ್‌ವರ್ಡ್ ಇಡೀ ಲೋಕಕ್ಕೆ ಗೊತ್ತು.

ಮೊದಲು ಎಲ್ಲರೂ ಮಾಡುವ ಹಾಗೆ ಬುಕ್‌ಇನ್ಫೋ ಹಾಕಿದೆ. ಇಸ್ಟಿಯೋ ಪ್ರಾಜೆಕ್ಟ್‌ನವರ ಸ್ಯಾಂಪಲ್ ಆ್ಯಪ್ ಅದು. ಇಸ್ಟಿಯೋ ಅಂದರೆ ಸರ್ವಿಸ್‌ಗಳ ನಡುವಿನ ಟ್ರಾಫಿಕ್ ನೋಡಿಕೊಳ್ಳುವ ಸರ್ವಿಸ್ ಮೆಶ್. ಪ್ರಾಡಕ್ಟ್‌ಪೇಜ್ ಪೈಥಾನ್‌ನಲ್ಲಿ, ಡೀಟೇಲ್ಸ್ ರೂಬಿಯಲ್ಲಿ, ರಿವ್ಯೂಸ್ ಜಾವಾದಲ್ಲಿ, ರೇಟಿಂಗ್ಸ್ ನೋಡ್ ಜೆಎಸ್‌ನಲ್ಲಿ. ನಾಲ್ಕೂ 9080 ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುತ್ತವೆ. ರಿವ್ಯೂಸ್‌ಗೆ ಮೂರು ವರ್ಷನ್‌ಗಳಿವೆ: ಒಂದರಲ್ಲಿ ನಕ್ಷತ್ರವೇ ಇಲ್ಲ, ಇನ್ನೊಂದರಲ್ಲಿ ಕಪ್ಪು ನಕ್ಷತ್ರ, ಮೂರನೆಯದರಲ್ಲಿ ಕೆಂಪು. ಪೇಜ್ ರಿಫ್ರೆಶ್ ಮಾಡುತ್ತಾ ಇದ್ದರೆ ಟ್ರಾಫಿಕ್ ಯಾವ ವರ್ಷನ್‌ಗೆ ಹೋಗುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ. ಯೋಚನೆ ಚೆನ್ನಾಗಿದೆ. ಒಂದು ಬಟನ್ ಒತ್ತಿದರೆ ಎಲ್ಲ ಪಾಡ್‌ಗಳೂ ಎದ್ದು ನಿಲ್ಲುತ್ತವೆ, ಯಾರು ಯಾರನ್ನು ಕರೆಯುತ್ತಿದ್ದಾರೆ ಅನ್ನುವ ಚಿತ್ರ ಬಣ್ಣಬಣ್ಣದ ಗೆರೆಗಳಲ್ಲಿ ಬರುತ್ತದೆ. ಮ್ಯಾನೇಜರ್‌ಗೆ ತೋರಿಸಲು ಇದಕ್ಕಿಂತ ಒಳ್ಳೆಯದು ಇಲ್ಲ.

ಆದರೆ ಸ್ಯಾಂಪಲ್ ಓಡಿತು ಅಂತ ನಮ್ಮದೂ ಓಡುತ್ತದೆ ಅನ್ನುವ ಹಾಗಿಲ್ಲ. ಆ ಸ್ಯಾಂಪಲ್‌ನಲ್ಲಿ ಎಲ್ಲ ಬಾಕ್ಸ್‌ಗಳನ್ನೂ ಬಲ್ಲವರು ತುಂಬಿಟ್ಟಿದ್ದಾರೆ. ಪೋರ್ಟ್‌ನ ಹೆಸರು ಸರಿ ಇದೆ, ಲೇಬಲ್‌ಗಳು ಸರಿ ಇವೆ, ಇಮೇಜ್ ಟ್ಯಾಗ್ ಸರಿ ಇದೆ. ನಮ್ಮ ಆ್ಯಪ್ ಹಾಕಲು ಕೂತಾಗ ಅದೇ ಫಾರ್ಮ್ ಖಾಲಿ ಬರುತ್ತದೆ.

ಟ್ಯಾಗ್‌ನಿಂದಲೇ, ಅಂದರೆ ಇಮೇಜ್‌ನ ವರ್ಷನ್ ಗುರುತಿನಿಂದಲೇ, ಶುರು ಮಾಡೋಣ. ಇಮೇಜ್ ಹೆಸರಿನ ಮುಂದೆ ಟ್ಯಾಗ್ ಹಾಕದಿದ್ದರೆ ಅದು ಲೇಟೆಸ್ಟ್ ಆಗುತ್ತದೆ. ಲೇಟೆಸ್ಟ್ ಆದರೆ ಪಾಡ್ ಏಳುವಾಗಲೆಲ್ಲ ರಿಜಿಸ್ಟ್ರಿಯನ್ನು (ಇಮೇಜ್‌ಗಳ ಉಗ್ರಾಣವನ್ನು) ಕೇಳಿ ಇಮೇಜ್ ತರುವ ಪಾಲಿಸಿ ತಾನಾಗಿ ಬರುತ್ತದೆ. ಬೇರೆ ಯಾವುದಾದರೂ ಟ್ಯಾಗ್ ಹಾಕಿದರೆ, ನೋಡ್‌ನಲ್ಲಿ (ಕ್ಲಸ್ಟರ್‌ನ ಆ ಮಶೀನ್‌ನಲ್ಲಿ) ಆಗಲೇ ಇದ್ದರೆ ತರುವುದಿಲ್ಲ. ಅಂದರೆ ಒಂದೇ ಟ್ಯಾಗ್‌ಗೆ ಹೊಸ ಇಮೇಜ್ ಪುಶ್ ಮಾಡುವ ಅಭ್ಯಾಸ ಇರುವ ಟೀಮ್‌ಗಳಲ್ಲಿ ಒಂದು ನೋಡ್ ಮೇಲೆ ಹಳೇ ಕೋಡ್, ಇನ್ನೊಂದರ ಮೇಲೆ ಹೊಸ ಕೋಡ್ ಓಡುತ್ತಾ ಇರುತ್ತದೆ. ಕನ್ಸೋಲ್‌ನಲ್ಲಿ ನೋಡಿದರೆ ಎರಡೂ ಪಾಡ್‌ಗಳ ಟ್ಯಾಗ್ ಒಂದೇ! ನಾವು ಬಿಲ್ಡ್ ಆಗುವಾಗ ಗಿಟ್ ಕಮಿಟ್‌ನ ಮೊದಲ ಅಕ್ಷರಗಳನ್ನೇ ಟ್ಯಾಗ್ ಮಾಡುತ್ತೇವೆ. ಅಲ್ಲಿಗೆ ಆ ಕಥೆ ಮುಗಿಯಿತು.

ಈಗ ರೆಡಿಸ್ ಕಥೆಗೆ ಬರುತ್ತೇನೆ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

ನೋಟಿಫಿಕೇಶನ್ ಸರ್ವಿಸ್ ರೆಡಿಸ್‌ಗೆ (ಮೆಮೊರಿಯಲ್ಲಿ ಡೇಟಾ ಇಡುವ ಡೇಟಾಬೇಸ್) ಕನೆಕ್ಟ್ ಆಗುತ್ತದೆ. ಕೋಡ್‌ನಲ್ಲಿ ರೆಡಿಸ್_ಪೋರ್ಟ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯೇಬಲ್ (ಹೊರಗಿನಿಂದ ಆ್ಯಪ್‌ಗೆ ಕೊಡುವ ಸೆಟ್ಟಿಂಗ್) ಓದುತ್ತದೆ, ಇಲ್ಲದಿದ್ದರೆ 6379 ಅಂದುಕೊಳ್ಳುತ್ತದೆ. ಹೀಗೆ ಬರೆದ ಕೋಡ್ ಲೆಕ್ಕವಿಲ್ಲದಷ್ಟಿದೆ. ಫಾರ್ಮ್‌ನಲ್ಲಿ ಆ ವೇರಿಯೇಬಲ್ ಹಾಕಿರಲಿಲ್ಲ, ಡೀಫಾಲ್ಟೇ ಸಾಕಿತ್ತು. ಡಿಪ್ಲಾಯ್ ಆಯಿತು, ಮೆಸೇಜ್‌ಗಳು ಹೋದವು, ಎಲ್ಲರೂ ಮನೆಗೆ ಹೋದರು. ಮರುದಿನ ಒಂದು ನೋಡ್ ರೀಬೂಟ್ ಆಯಿತು. ಪಾಡ್ ಬೇರೆ ನೋಡ್‌ಗೆ ಹೋಗಿ ಎದ್ದಿತು, ಎದ್ದ ಕೂಡಲೇ ಸತ್ತಿತು. ಮತ್ತೆ ಎದ್ದಿತು, ಮತ್ತೆ ಸತ್ತಿತು. ಇಮೇಜ್ ಅದೇ, ಕಾನ್ಫಿಗ್ ಅದೇ, ಯಾರೂ ಏನೂ ಮುಟ್ಟಿಲ್ಲ.

ನಮ್ಮ ಟೆಸ್ಟರ್ ಕೇಳಿದರು: "ನಿನ್ನೆ ಚೆನ್ನಾಗಿತ್ತಲ್ಲ, ನೀವು ಏನಾದ್ರೂ ಬದಲಾಯಿಸಿದ್ರಾ?"

"ಇಲ್ಲ ಮೇಡಂ, ನಾನು ಕೈ ಕೂಡ ಹಾಕಿಲ್ಲ."

"ಹಾಗಾದ್ರೆ ಈ ಲಾಗ್‌ನಲ್ಲಿ ಪೋರ್ಟ್ ನಂಬರ್ ಬದಲು ಟಿಸಿಪಿ ಅಂತ ಏನೋ ಬಂದಿದೆ ನೋಡಿ."

ಅವರು ತೋರಿಸಿದ್ದೇ ಉತ್ತರ. ಪೈಥಾನ್ ಒಂದು ಸಂಖ್ಯೆಯನ್ನು ಎದುರು ನೋಡುತ್ತಿತ್ತು. ಸಿಕ್ಕಿದ್ದು ಟಿಸಿಪಿ ಅಂತ ಶುರುವಾಗಿ, ನಡುವೆ ಒಂದು ಐಪಿ ವಿಳಾಸ ಇದ್ದು, ಕೊನೆಗೆ 6379 ಬರುವ ಉದ್ದನೆಯ ಸ್ಟ್ರಿಂಗ್. ಅದನ್ನು ಹಾಕಿದವರು ಯಾರು? ಕ್ಯೂಬರ್ನೆಟೀಸ್. ನೇಮ್‌ಸ್ಪೇಸ್‌ನಲ್ಲಿ ಇರುವ ಪ್ರತಿ ಸರ್ವಿಸ್‌ಗೂ (ಕ್ಯೂಬರ್ನೆಟೀಸ್‌ನಲ್ಲಿ ಸರ್ವಿಸ್ ಅಂದರೆ ಪಾಡ್‌ಗಳನ್ನು ತಲುಪಲು ಇಟ್ಟ ಸ್ಥಿರ ಹೆಸರು) ಅದರ ಹೆಸರಿನಿಂದ ಶುರುವಾಗುವ ಕೆಲವು ವೇರಿಯೇಬಲ್‌ಗಳನ್ನು ಅದು ಹೊಸ ಪಾಡ್‌ಗಳ ಒಳಗೆ ತಾನೇ ಇಡುತ್ತದೆ. ಹಳೇ ಕಾಲದ ಡಾಕರ್ ಲಿಂಕ್‌ಗಳ ರೀತಿಯನ್ನೇ ಇಟ್ಟುಕೊಂಡು ಬಂದ ಅಭ್ಯಾಸ ಇದು. ಸರ್ವಿಸ್‌ನ ಹೆಸರು ರೆಡಿಸ್ ಆದರೆ ವೇರಿಯೇಬಲ್ ರೆಡಿಸ್_ಪೋರ್ಟ್ ಆಗುತ್ತದೆ. ನಮ್ಮ ಕೋಡ್ ಓದುವುದೂ ಅದನ್ನೇ.

ಮೊದಲ ದಿನ ಯಾಕೆ ಓಡಿತು ಅನ್ನುವುದೇ ಇದರಲ್ಲಿ ಮಜಾ. ಪಾಡ್ ಏಳುವ ಹೊತ್ತಿಗೆ ಯಾವ ಸರ್ವಿಸ್‌ಗಳು ಇದ್ದವೋ ಅವುಗಳ ವೇರಿಯೇಬಲ್‌ಗಳು ಮಾತ್ರ ಒಳಗೆ ಹೋಗುತ್ತವೆ. ಮೊದಲ ಸಲ ನೋಟಿಫಿಕೇಶನ್ ಪಾಡ್ ರೆಡಿಸ್ ಸರ್ವಿಸ್‌ಗಿಂತ ಮುಂಚೆ ಎದ್ದಿತ್ತು. ಎರಡನೇ ಸಲ ಏಳುವಾಗ ರೆಡಿಸ್ ಆಗಲೇ ಇತ್ತು. ಒಂದೇ ಇಮೇಜ್, ಒಂದೇ ಯಾಮಲ್ (ಸೆಟ್ಟಿಂಗ್ ಬರೆಯುವ ಫೈಲ್), ಎರಡು ನಡವಳಿಕೆ. ಪಾಡ್‌ನ ಸ್ಪೆಕ್‌ನಲ್ಲಿ ಎನೇಬಲ್ ಸರ್ವಿಸ್ ಲಿಂಕ್ಸ್ ಅನ್ನುವ ಒಂದು ಸಾಲು ಇದೆ, ಬರೆಯದಿದ್ದರೆ ಅದರ ಬೆಲೆ ಟ್ರೂ. ಈಗ ನಮ್ಮ ಎಲ್ಲ ಡಿಪ್ಲಾಯ್‌ಮೆಂಟ್‌ಗಳಲ್ಲೂ ಅದು ಫಾಲ್ಸ್. ಸರ್ವಿಸ್ ಹುಡುಕಲು ಡಿಎನ್‌ಎಸ್ ಇರುವಾಗ ಈ ವೇರಿಯೇಬಲ್‌ಗಳು ಯಾರಿಗೂ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಅಂದಹಾಗೆ, ಯಾರು ಮೊದಲು ಏಳಬೇಕು ಅಂತ ಹೇಳಲು ಕಂಪೋಸ್‌ನಲ್ಲಿ ಡಿಪೆಂಡ್ಸ್ ಆನ್ ಇರುತ್ತದೆ. ಕ್ಯೂಬರ್ನೆಟೀಸ್ ಡಿಪ್ಲಾಯ್‌ಮೆಂಟ್‌ಗಳ ನಡುವೆ ಅಂಥದ್ದಿಲ್ಲ. ಕನ್ಸೋಲ್‌ನಲ್ಲಿ ನೀವು ಯಾವ ಕ್ರಮದಲ್ಲಿ ಸೇರಿಸಿದ್ದೀರೋ ಆ ಕ್ರಮದಲ್ಲೇ ಏಳುತ್ತವೆ ಅಂದುಕೊಳ್ಳಬೇಡಿ. ಡೇಟಾಬೇಸ್ ಸಿಗದಿದ್ದರೆ ಸ್ವಲ್ಪ ಕಾದು ಮತ್ತೆ ಕೇಳುವ ಬುದ್ಧಿ ಆ್ಯಪ್‌ಗೇ ಇರಬೇಕು.

ಮುಂದಿನದು ಹೆಲ್ತ್ ಚೆಕ್, ಅಂದರೆ ಆ್ಯಪ್ ಸರಿಯಾಗಿದೆಯಾ ಅಂತ ಕ್ಯೂಬರ್ನೆಟೀಸ್ ಆಗಾಗ ಕೇಳುವುದು. ನನ್ನ ಪ್ರಕಾರ ಇಡೀ ಫಾರ್ಮ್‌ನಲ್ಲಿ ಜಾಸ್ತಿ ಹೊತ್ತು ಕೂರಬೇಕಾದ ಜಾಗ ಇದು. ಜನ ಎರಡೇ ನಿಮಿಷದಲ್ಲಿ ದಾಟಿಹೋಗುವ ಜಾಗವೂ ಇದೇ.

ಆರ್ಡರ್ ಸರ್ವಿಸ್ ನನ್ನ ಲ್ಯಾಪ್‌ಟಾಪ್‌ನಲ್ಲಿ ಕೆಲವೇ ಸೆಕೆಂಡ್‌ಗಳಲ್ಲಿ ಏಳುತ್ತದೆ. ಕ್ಲಸ್ಟರ್‌ನಲ್ಲಿ ಏಳಲೇ ಇಲ್ಲ. ಕ್ರ್ಯಾಶ್‌ಲೂಪ್‌ಬ್ಯಾಕ್‌ಆಫ್ (ಮತ್ತೆ ಮತ್ತೆ ಸಾಯುತ್ತಿದೆ) ಅನ್ನುವ ಕೆಂಪು ಅಕ್ಷರ ಮಾತ್ರ. ಲಾಗ್ ತೆಗೆದರೆ ಯಾವ ಎರರ್ ಕೂಡ ಇಲ್ಲ. ಸ್ಪ್ರಿಂಗ್‌ನ ಬ್ಯಾನರ್ ಬರುತ್ತದೆ, ಬೀನ್‌ಗಳು ತಯಾರಾಗುತ್ತಿರುತ್ತವೆ, ಅರ್ಧ ದಾರಿಯಲ್ಲಿ ಲಾಗ್ ನಿಂತುಹೋಗುತ್ತದೆ.

ಇಲ್ಲಿ ಎರಡು ಖಾಲಿ ಬಾಕ್ಸ್‌ಗಳು ಸೇರಿಕೊಂಡಿದ್ದವು. ಒಂದು, ಸಿಪಿಯು ಲಿಮಿಟ್. ಫಾರ್ಮ್‌ನಲ್ಲಿ ಅದನ್ನು ಖಾಲಿ ಬಿಟ್ಟಿದ್ದರೂ ಪ್ರಾಜೆಕ್ಟ್‌ನ ಸೆಟ್ಟಿಂಗ್‌ನಲ್ಲಿ ಪ್ರತಿ ಕಂಟೈನರ್‌ಗೂ ಇಷ್ಟು ಅಂತ ಡೀಫಾಲ್ಟ್ ಕೋಟಾ ಇತ್ತು. ಅದು 200 ಮಿಲಿಕೋರ್, ಅಂದರೆ ಒಂದು ಕೋರ್‌ನ ಐದನೇ ಒಂದು ಭಾಗ. ಲಿನಕ್ಸ್ ಕರ್ನಲ್ ಇದನ್ನು ಲೆಕ್ಕ ಹಾಕುವುದು 100 ಮಿಲಿಸೆಕೆಂಡ್‌ಗಳ ಕಂತಿನಲ್ಲಿ. ಪ್ರತಿ ಕಂತಿನಲ್ಲಿ 20 ಮಿಲಿಸೆಕೆಂಡ್ ಕೆಲಸ ಮಾಡಿ, ಉಳಿದ 80 ಮಿಲಿಸೆಕೆಂಡ್ ಸುಮ್ನೆ ಕೂರಬೇಕು. ಜಾವಾ ಆ್ಯಪ್ ಏಳುವಾಗಲೇ ಹೆಚ್ಚು ಸಿಪಿಯು ಕೇಳುವುದು. ನಡೆಯುವಾಗ ಅಷ್ಟು ಬೇಕಿಲ್ಲ. ಹಾಗಾಗಿ ಸೆಕೆಂಡ್‌ಗಳಲ್ಲಿ ಆಗುವ ಕೆಲಸ ನಿಮಿಷ ದಾಟಿತು.

ಎರಡನೆಯದು ಲೈವ್‌ನೆಸ್ ಪ್ರೋಬ್, ಬದುಕಿದ್ದೀಯಾ ಅಂತ ಕೇಳುವ ಚೆಕ್. ಅದರಲ್ಲಿ ಪಾತ್ ಮತ್ತು ಪೋರ್ಟ್ ಮಾತ್ರ ತುಂಬಿತ್ತು. ಉಳಿದದ್ದನ್ನು ಕ್ಯೂಬರ್ನೆಟೀಸ್ ತುಂಬಿತ್ತು: ಶುರುವಿನಲ್ಲಿ ಕಾಯುವ ಸಮಯ 0, ಪ್ರತಿ 10 ಸೆಕೆಂಡ್‌ಗೆ ಒಮ್ಮೆ ಕೇಳು, 1 ಸೆಕೆಂಡ್‌ನಲ್ಲಿ ಉತ್ತರ ಬರದಿದ್ದರೆ ಫೇಲ್, ಸತತ 3 ಸಲ ಫೇಲ್ ಆದರೆ ಕೊಂದುಬಿಡು. ಅರ್ಧ ನಿಮಿಷದೊಳಗೆ ತೀರ್ಪು. ಏಳಲು ಒಂದು ನಿಮಿಷ ಬೇಕಾದವನನ್ನು ಅರ್ಧ ನಿಮಿಷಕ್ಕೇ ಹೊಡೆದರೆ ಅವನು ಏಳುವುದು ಯಾವಾಗ? ಆಮೇಲೆ ಪ್ರತಿ ಸಲ ಸತ್ತಾಗಲೂ ಮತ್ತೆ ಎಬ್ಬಿಸುವ ಮುಂಚೆ ಕಾಯುವ ಹೊತ್ತು ಬೆಳೆಯುತ್ತಾ ಹೋಗುತ್ತದೆ. 10 ಸೆಕೆಂಡ್, 20, 40, ಹೀಗೆ ದುಪ್ಪಟ್ಟಾಗುತ್ತಾ 5 ನಿಮಿಷಕ್ಕೆ ಬಂದು ನಿಲ್ಲುತ್ತದೆ. ಹೊರಗಿನಿಂದ ನೋಡುವವರಿಗೆ ಸರ್ವಿಸ್ ಸತ್ತುಬಿದ್ದಿದೆ ಅನಿಸುತ್ತದೆ. ನಿಜದಲ್ಲಿ ಅದು ತನ್ನ ಸರದಿಗೆ ಕಾಯುತ್ತಿರುತ್ತದೆ.

ಇದಕ್ಕೆ ಸರಿಯಾದ ಮದ್ದು ಎದ್ದಾಯಿತಾ ಅಂತ ಕೇಳುವ ಸ್ಟಾರ್ಟಪ್ ಪ್ರೋಬ್. 2020ರ ಡಿಸೆಂಬರ್‌ನಲ್ಲಿ ಬಂದ ಕ್ಯೂಬರ್ನೆಟೀಸ್ 1.20 ವರ್ಷನ್‌ನಿಂದ ಅದು ಪಕ್ಕಾ ಆಗಿದೆ. ಅದು ಪಾಸ್ ಆಗುವವರೆಗೆ ಲೈವ್‌ನೆಸ್ ಬಾಯಿ ತೆರೆಯುವುದಿಲ್ಲ. 10 ಸೆಕೆಂಡ್‌ಗೆ ಒಮ್ಮೆ, 30 ಸಲ ಫೇಲ್ ಆಗುವವರೆಗೆ ಬಿಡು ಅಂದರೆ ಏಳಲು 5 ನಿಮಿಷ ಸಿಗುತ್ತದೆ. ಬೇಗ ಎದ್ದರೆ ಬೇಗ ಕೆಲಸ ಶುರು, ಸುಮ್ನೆ ಕಾಯಬೇಕಿಲ್ಲ. ಲೈವ್‌ನೆಸ್‌ನ ಶುರುವಿನ ಸಮಯವನ್ನು 120 ಸೆಕೆಂಡ್ ಮಾಡಿಬಿಡಿ ಅಂತ ಹೇಳುವವರು ಇನ್ನೂ ಇದ್ದಾರೆ. ಅದು ಬೇಡ. ಬೇಗ ಎದ್ದು ಆ 120 ಸೆಕೆಂಡ್‌ನೊಳಗೇ ನಿಜವಾಗಿ ಹ್ಯಾಂಗ್ ಆದರೆ, ಆ ಹೊತ್ತು ಮುಗಿಯುವವರೆಗೆ ಕೇಳುವವರಿರುವುದಿಲ್ಲ.

ಇನ್ನೊಂದು ಮಾತು. ಲೈವ್‌ನೆಸ್‌ನಲ್ಲಿ ಡೇಟಾಬೇಸ್ ಚೆಕ್ ಹಾಕಬೇಡಿ. ಡೇಟಾಬೇಸ್ ನಿಧಾನವಾದರೆ ಎಲ್ಲ ಪಾಡ್‌ಗಳೂ ಒಟ್ಟಿಗೆ ಫೇಲ್ ಆಗಿ ಒಟ್ಟಿಗೆ ರೀಸ್ಟಾರ್ಟ್ ಆಗುತ್ತವೆ, ಎದ್ದು ಒಟ್ಟಿಗೆ ಡೇಟಾಬೇಸ್ ಮೇಲೆ ಬೀಳುತ್ತವೆ. ಗಾಯದ ಮೇಲೆ ಬರೆ. ಸ್ಪ್ರಿಂಗ್ ಬೂಟ್‌ನಲ್ಲಿ 2.3 ವರ್ಷನ್‌ನಿಂದ ಲೈವ್‌ನೆಸ್‌ಗೆ ಬೇರೆ, ರೆಡಿನೆಸ್‌ಗೆ (ಟ್ರಾಫಿಕ್ ತೆಗೆದುಕೊಳ್ಳಲು ತಯಾರಾ ಅನ್ನುವ ಚೆಕ್) ಬೇರೆ ಪಾತ್ ಇದೆ. ಅವನ್ನೇ ಕೊಡಿ. ರೆಡಿನೆಸ್ ಪೂರ್ತಿ ಖಾಲಿ ಬಿಟ್ಟರೂ ತೊಂದರೆ: ಕಂಟೈನರ್ ಶುರುವಾದ ಕ್ಷಣವೇ ರೆಡಿ ಅಂತ ಲೆಕ್ಕ, ಆ್ಯಪ್ ಪೋರ್ಟ್ ತೆರೆಯುವ ಮುಂಚೆಯೇ ಟ್ರಾಫಿಕ್ ಬಂದು ಬಾಗಿಲು ಬಡಿಯುತ್ತದೆ.

ಸತ್ತ ಪಾಡ್‌ನ ಎಕ್ಸಿಟ್ ಕೋಡ್ ನೋಡುವ ಅಭ್ಯಾಸ ಮಾಡಿಕೊಂಡರೆ ಅರ್ಧ ಹುಡುಕಾಟ ತಪ್ಪುತ್ತದೆ. 143 ಅಂದರೆ ಮರ್ಯಾದೆಯಿಂದ ಹೋಗು ಅಂತ ಹೇಳಿಸಿಕೊಂಡು ಹೋದದ್ದು. ಲೈವ್‌ನೆಸ್ ಹೊಡೆದಾಗ ಜಾವಾ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಇದೇ ಕಾಣುತ್ತದೆ. 137 ಅಂದರೆ ಕತ್ತು ಹಿಡಿದು ತಳ್ಳಿದ್ದು. 137 ಕಂಡ ಕೂಡಲೇ ಮೆಮೊರಿ ಸಾಲಲಿಲ್ಲ ಅಂತ ತೀರ್ಮಾನ ಮಾಡುವವರಿದ್ದಾರೆ. ಪಕ್ಕದಲ್ಲಿ ಓಓಎಂ ಕಿಲ್ಡ್ (ಮೆಮೊರಿ ಮೀರಿ ಕೊಲ್ಲಲಾಯಿತು) ಅಂತ ಕಾರಣ ಬರೆದಿದ್ದರೆ ಮಾತ್ರ ಅದು ಮೆಮೊರಿ. ಹೋಗು ಅಂದರೂ ಹೋಗದೆ ಕೂತವನಿಗೂ ಕೊನೆಗೆ ಸಿಗುವುದು ಅದೇ ನಂಬರ್.

ಮೆಮೊರಿ ವಿಷಯದಲ್ಲಿ ಪೇಮೆಂಟ್ ಸರ್ವಿಸ್ ನಮ್ಮ ಕಣ್ಣಿಗೆ ಮಣ್ಣೆರಚಿತ್ತು. ಲಿಮಿಟ್ 512 ಎಂಬಿ. ಗ್ರಾಫ್‌ನಲ್ಲಿ ನೋಡಿದರೆ ಅದರ ಹತ್ತಿರಕ್ಕೂ ಹೋಗಿಲ್ಲ. ಆದರೂ ಲಾಗ್‌ನಲ್ಲಿ ಔಟ್ ಆಫ್ ಮೆಮೊರಿ ಎರರ್. ಜೆವಿಎಂಗೆ (ಜಾವಾ ಆ್ಯಪ್ ಓಡಿಸುವ ಎಂಜಿನ್) ಏನೂ ಹೇಳದಿದ್ದರೆ ಅದು ಕಂಟೈನರ್‌ಗೆ ಕೊಟ್ಟ ಮೆಮೊರಿಯ ಕಾಲು ಭಾಗವನ್ನಷ್ಟೇ ಹೀಪ್‌ಗೆ (ಆ್ಯಪ್‌ನ ಡೇಟಾ ಕೂರುವ ಜಾಗ) ಇಟ್ಟುಕೊಳ್ಳುತ್ತದೆ. 512ರಲ್ಲಿ ಕಾಲು ಅಂದರೆ 128. ಉಳಿದ ಜಾಗ ಇದ್ದರೂ ಹೀಪ್ ಅದನ್ನು ಮುಟ್ಟುವುದಿಲ್ಲ. ಹಾಗಂತ ಹೀಪ್‌ನ ಪಾಲು ಹೇಳುವ ಮ್ಯಾಕ್ಸ್ ರ‍್ಯಾಮ್ ಪರ್ಸೆಂಟೇಜ್ ಅನ್ನು 90ಕ್ಕೆ ಏರಿಸಿದರೆ ಹೀಪ್‌ನ ಹೊರಗೆ ಬೇಕಾಗುವ ಮೆಟಾಸ್ಪೇಸ್, ಥ್ರೆಡ್‌ಗಳ ಸ್ಟ್ಯಾಕ್ ಇವಕ್ಕೆ ಜಾಗ ಇಲ್ಲದೆ ಈ ಸಲ ನಿಜವಾದ ಓಓಎಂ ಕಿಲ್ ಆಗುತ್ತದೆ. ನಾವು ಲಿಮಿಟ್ ಅನ್ನು 768 ಮಾಡಿ, ಪರ್ಸೆಂಟೇಜ್ 60ಕ್ಕೆ ಇಟ್ಟೆವು. ನಿಮ್ಮ ಆ್ಯಪ್‌ಗೆ ಬೇರೆ ಅಂಕಿ ಬೇಕಾಗಬಹುದು, ಗ್ರಾಫ್ ನೋಡಿಯೇ ನಿರ್ಧರಿಸಬೇಕು. ಲಿಮಿಟ್ ಹಾಕದೇ ಬಿಟ್ಟರೆ ಇನ್ನೊಂದು ತಮಾಷೆ: ಜೆವಿಎಂ ಇಡೀ ನೋಡ್‌ನ ಮೆಮೊರಿ ತನ್ನದೇ ಅಂದುಕೊಂಡು ಅದರ ಕಾಲು ಭಾಗಕ್ಕೆ ಕೈ ಹಾಕುತ್ತದೆ.

ಪೋರ್ಟ್‌ನ ಹೆಸರು ಅಂತ ಒಂದು ಚಿಕ್ಕ ಬಾಕ್ಸ್ ಇರುತ್ತದೆ. ಅದಕ್ಕೇನು ಹೆಸರು ಇಟ್ಟರೂ ನಡೆಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸರ್ವಿಸ್ ಮೆಶ್ ಇಲ್ಲದಿದ್ದರೆ ನಡೆಯುತ್ತದೆ ಕೂಡ. ಇಸ್ಟಿಯೋ ಇದ್ದರೆ ಆ ಹೆಸರಿನ ಮೊದಲ ಭಾಗ ನೋಡಿ ಅದು ಪ್ರೋಟೋಕಾಲ್ ತಿಳಿದುಕೊಳ್ಳುತ್ತದೆ: ಎಚ್‌ಟಿಟಿಪಿ, ಜಿಆರ್‌ಪಿಸಿ, ಟಿಸಿಪಿ. ಹೆಸರಿನಿಂದ ತಿಳಿಯದಿದ್ದರೆ ಟ್ರಾಫಿಕ್ ನೋಡಿ ಊಹೆ ಮಾಡಲು ನೋಡುತ್ತದೆ, ಅದೂ ಆಗದಿದ್ದರೆ ಬರೀ ಟಿಸಿಪಿ ಅಂತ ಬಿಟ್ಟುಬಿಡುತ್ತದೆ. ಟಿಸಿಪಿ ಆದರೆ ಯಾವ ರಿಕ್ವೆಸ್ಟ್ ಎಷ್ಟು ಹೊತ್ತು ತೆಗೆದುಕೊಂಡಿತು, ಎಷ್ಟು 500 ಎರರ್ ಬಂದವು, ಇದ್ಯಾವುದೂ ಆ ಚೆಂದದ ಚಿತ್ರದಲ್ಲಿ ಬರುವುದಿಲ್ಲ.

ನಮಗೆ ಇದು ಮುಖ್ಯವಾಗಿದ್ದು ಕ್ಯಾಟಲಾಗ್‌ನಿಂದ. ಲೋಡ್ ಜಾಸ್ತಿ ಆಯಿತು ಅಂತ ಅದರ ರೆಪ್ಲಿಕಾಗಳನ್ನು (ಒಂದೇ ಪಾಡ್‌ನ ಪ್ರತಿಗಳನ್ನು) ಹೆಚ್ಚಿಸಿದೆವು. ಒಂದು ಪಾಡ್ ಬೆವರು ಸುರಿಸಿ ದುಡಿಯುತ್ತಿದೆ, ಹೊಸಬರು ಕೈ ಕಟ್ಟಿ ಕೂತಿದ್ದಾರೆ. ಜಿಆರ್‌ಪಿಸಿ ಒಂದೇ ಕನೆಕ್ಷನ್ ತೆರೆದು ಅದರ ಮೇಲೆಯೇ ಎಲ್ಲ ರಿಕ್ವೆಸ್ಟ್ ಕಳಿಸುತ್ತದೆ. ಕ್ಯೂಬರ್ನೆಟೀಸ್‌ನ ಸಾಮಾನ್ಯ ಸರ್ವಿಸ್ ಹಂಚುವುದು ಕನೆಕ್ಷನ್‌ಗಳನ್ನು, ರಿಕ್ವೆಸ್ಟ್‌ಗಳನ್ನು ಅಲ್ಲ. ಗೇಟ್‌ವೇ ಮೊದಲ ದಿನ ಯಾರ ಕೈ ಹಿಡಿಯಿತೋ ಅವರ ಜೊತೆಯಲ್ಲೇ ಉಳಿಯಿತು. ಕ್ಯೂಬ್‌ಸ್ಫಿಯರ್‌ನಲ್ಲಿ ಕಾಂಪೋಸ್ಡ್ ಆ್ಯಪ್ (ಹಲವು ಸರ್ವಿಸ್ ಸೇರಿದ ಆ್ಯಪ್) ಮಾಡುವಾಗ ಅಪ್ಲಿಕೇಶನ್ ಗವರ್ನೆನ್ಸ್ ಅನ್ನುವ ಸ್ವಿಚ್ ಆನ್ ಮಾಡಿದರೆ ಪಾಡ್‌ಗಳ ಪಕ್ಕದಲ್ಲಿ ಎನ್ವಾಯ್ ಸೈಡ್‌ಕಾರ್ (ಟ್ರಾಫಿಕ್ ಹಂಚುವ ಇಸ್ಟಿಯೋದ ಜೊತೆ ಕಂಟೈನರ್) ಬಂದು ಕೂರುತ್ತದೆ. ಪೋರ್ಟ್ ಹೆಸರು ಜಿಆರ್‌ಪಿಸಿಯಿಂದ ಶುರುವಾಗಿದ್ದರೆ ಅದು ಒಂದೊಂದು ರಿಕ್ವೆಸ್ಟನ್ನೂ ಬೇರೆ ಬೇರೆ ಪಾಡ್‌ಗೆ ಕಳಿಸುತ್ತದೆ. ಹೆಸರು ಸರಿಮಾಡಿದ ಮೇಲೆ ಎಲ್ಲ ಪಾಡ್‌ಗಳ ಗ್ರಾಫ್ ಒಂದೇ ಮಟ್ಟಕ್ಕೆ ಬಂತು. ಸೈಡ್‌ಕಾರ್ ಬಿಟ್ಟಿ ಬರುವುದಿಲ್ಲ, ಪ್ರತಿ ಪಾಡ್‌ಗೂ ಒಂದಿಷ್ಟು ಮೆಮೊರಿ, ಸಿಪಿಯು ತಿನ್ನುತ್ತದೆ. ಬರೀ ಚಿತ್ರ ಚೆನ್ನಾಗಿದೆ ಅಂತ ಆನ್ ಮಾಡುವುದಾದರೆ ನಾನು ಬೇಡ ಅನ್ನುತ್ತೇನೆ.

ರೋಲಿಂಗ್ ಅಪ್‌ಡೇಟ್, ಅಂದರೆ ಹಳೇ ಪಾಡ್‌ಗಳನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸುವುದರ ಬಗ್ಗೆ ಎಲ್ಲರೂ ಹೇಳುವುದು ಡೌನ್‌ಟೈಮ್ ಇಲ್ಲ ಅಂತ. ಡೀಫಾಲ್ಟ್ ಪ್ರಕಾರ 25 ಪರ್ಸೆಂಟ್ ಜಾಸ್ತಿ ಪಾಡ್ ಏಳಬಹುದು, 25 ಪರ್ಸೆಂಟ್ ಕಮ್ಮಿ ಇರಬಹುದು. ಜಾಸ್ತಿಯನ್ನು ಮೇಲಕ್ಕೆ, ಕಮ್ಮಿಯನ್ನು ಕೆಳಕ್ಕೆ ರೌಂಡ್ ಮಾಡುತ್ತದೆ. ಎರಡು ರೆಪ್ಲಿಕಾ ಇದ್ದರೆ ಮೊದಲು ಹೊಸದೊಂದು ಎದ್ದು, ಆಮೇಲೆ ಹಳೆಯದು ಹೋಗುತ್ತದೆ. ಚೆನ್ನಾಗಿದೆ ಅಲ್ವಾ? ಆದರೂ ಪ್ರತಿ ಡಿಪ್ಲಾಯ್‌ಗೂ ಕೆಲವು 502 ಎರರ್‌ಗಳು ಬರುತ್ತಿದ್ದವು. ಕಾರಣ ಇಷ್ಟೇ: ಪಾಡ್‌ಗೆ ಹೊರಡು ಅಂತ ಹೇಳುವುದೂ, ಇವನಿಗೆ ಇನ್ನು ಟ್ರಾಫಿಕ್ ಕಳಿಸಬೇಡಿ ಅಂತ ಎಲ್ಲ ನೋಡ್‌ಗಳಿಗೆ ತಿಳಿಸುವುದೂ ಒಂದೇ ಹೊತ್ತಿಗೆ ಶುರುವಾಗುತ್ತವೆ. ಸುದ್ದಿ ಮುಟ್ಟುವ ಮುಂಚೆಯೇ ಪಾಡ್ ಅಂಗಡಿ ಮುಚ್ಚಿಬಿಟ್ಟರೆ ದಾರಿಯಲ್ಲಿದ್ದ ರಿಕ್ವೆಸ್ಟ್‌ಗಳು ವಾಪಸ್. ಪ್ರೀಸ್ಟಾಪ್ ಹುಕ್‌ನಲ್ಲಿ (ಪಾಡ್ ನಿಲ್ಲುವ ಮುಂಚೆ ಓಡುವ ಕೆಲಸ) ಕೆಲವು ಸೆಕೆಂಡ್ ನಿದ್ದೆ ಮಾಡಿಸಿದರೆ ಸರಿಹೋಗುತ್ತದೆ. ಆ ನಿದ್ದೆಯೂ ಒಟ್ಟು 30 ಸೆಕೆಂಡ್‌ಗಳ ಗಡುವಿನಲ್ಲೇ ಸೇರುತ್ತದೆ ಅನ್ನುವುದು ನೆನಪಿರಲಿ. ಡಿಸ್ಟ್ರೋಲೆಸ್ ಇಮೇಜ್ ಆದರೆ ಒಳಗೆ ಸ್ಲೀಪ್ ಕಮಾಂಡೇ ಇರುವುದಿಲ್ಲ. ಹೊಸ ಕ್ಯೂಬರ್ನೆಟೀಸ್‌ನಲ್ಲಿ ಇದಕ್ಕೆಂದೇ ಹುಕ್‌ನೊಳಗೆ ಸ್ಲೀಪ್ ಕೊಟ್ಟಿದ್ದಾರೆ.

ಪ್ರತಿ ಅಪ್‌ಡೇಟ್‌ನಲ್ಲೂ ಹಳೇ ಪಾಡ್ ಸರಿಯಾಗಿ 30 ಸೆಕೆಂಡ್ ಟರ್ಮಿನೇಟಿಂಗ್ ಅಂತ ನೇತಾಡುತ್ತಿದ್ದರೆ ಇಮೇಜ್ ಕಟ್ಟುವ ಡಾಕರ್‌ಫೈಲ್ ತೆಗೆದು ನೋಡಿ. ಎಂಟ್ರಿಪಾಯಿಂಟ್ ಅನ್ನು ಶೆಲ್ ರೂಪದಲ್ಲಿ ಬರೆದಿದ್ದರೆ ಹೊರಡುವ ಸಂದೇಶ ಶೆಲ್‌ಗೆ ಹೋಗುತ್ತದೆ, ಅದು ಆ್ಯಪ್‌ಗೆ ದಾಟಿಸುವುದೇ ಇಲ್ಲ.

ಹೊರಗಿನ ಬಾಗಿಲಲ್ಲಿ ಒಂದು ಡೀಫಾಲ್ಟ್ ಬಗ್ಗೆ ಮಾತ್ರ ಹೇಳಿಬಿಡುತ್ತೇನೆ. ಕ್ಯೂಬ್‌ಸ್ಫಿಯರ್‌ನಲ್ಲಿ ಇನ್‌ಗ್ರೆಸ್ ಅನ್ನು (ಹೊರಗಿನ ಟ್ರಾಫಿಕ್ ಒಳಗೆ ಬರುವ ದಾರಿ) ರೂಟ್ ಅಂತ ಕರೆಯುತ್ತಾರೆ, ಮೊದಲು ಪ್ರಾಜೆಕ್ಟ್‌ನ ಗೇಟ್‌ವೇ ಆನ್ ಮಾಡಿಕೊಂಡಿರಬೇಕು. ಒಳಗಿರುವುದು ಎನ್‌ಜಿನೆಕ್ಸ್ ಇನ್‌ಗ್ರೆಸ್. ಅದರ ಡೀಫಾಲ್ಟ್ ಬಾಡಿ ಸೈಜ್ 1 ಎಂಬಿ. ಪ್ರಾಡಕ್ಟ್ ಫೋಟೋ ಅಪ್‌ಲೋಡ್ ಮಾಡುವವರಿಗೆಲ್ಲ 413 ಎರರ್ (ಕಳಿಸಿದ್ದು ತುಂಬ ದೊಡ್ಡದು) ಬರುತ್ತದೆ, ಆ್ಯಪ್‌ನ ಲಾಗ್‌ನಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ರಿಕ್ವೆಸ್ಟ್ ಅಲ್ಲಿಯವರೆಗೆ ಬಂದೇ ಇರುವುದಿಲ್ಲವಲ್ಲ! ಒಂದು ಅನೋಟೇಶನ್ ಹಾಕಿದರೆ ಮುಗಿಯಿತು.

ಇಷ್ಟೆಲ್ಲ ಆದ ಮೇಲೆ ಫಾರ್ಮ್‌ನಿಂದ ಡಿಪ್ಲಾಯ್ ಮಾಡುವುದನ್ನೇ ನಾವು ಬಿಟ್ಟೆವು. ಫಾರ್ಮ್ ಕೆಟ್ಟದ್ದು ಅಂತ ಅಲ್ಲ. ಹೊಸ ಸರ್ವಿಸ್ ಬಂದಾಗ ಮೊದಲ ಸಲ ಫಾರ್ಮ್ ತುಂಬುವುದು ಈಗಲೂ ನನಗೆ ಇಷ್ಟ. ಆಮೇಲೆ ಎಡಿಟ್ ಯಾಮಲ್ ತೆರೆದು, ಅಲ್ಲಿ ಯಾರು ಏನು ತುಂಬಿದ್ದಾರೆ ಅಂತ ಸಾಲು ಸಾಲಾಗಿ ಓದುತ್ತೇನೆ. ನಾನು ಬರೆಯದ ಸಾಲುಗಳೇ ಅಲ್ಲಿ ಜಾಸ್ತಿ. ಯುಐಡಿ, ರಿಸೋರ್ಸ್ ವರ್ಷನ್, ಸ್ಟೇಟಸ್ ಇಂಥ ಕಸ ತೆಗೆದು, ಬೇಕಾದ ಡೀಫಾಲ್ಟ್‌ಗಳನ್ನು ನಮ್ಮ ಕೈಯಿಂದಲೇ ಬರೆದು ಗಿಟ್‌ಗೆ ಹಾಕುತ್ತೇವೆ. ಅಲ್ಲಿಂದ ಮುಂದೆ, ಗಿಟ್‌ನಲ್ಲಿರುವುದನ್ನು ಕ್ಲಸ್ಟರ್‌ಗೆ ಹಾಕುವ ಆರ್ಗೋ ಸಿಡಿ ನೋಡಿಕೊಳ್ಳುತ್ತದೆ. ಪ್ರೊಡಕ್ಷನ್ ಪ್ರಾಜೆಕ್ಟ್‌ನಲ್ಲಿ ನನ್ನನ್ನೂ ಸೇರಿಸಿ ಎಲ್ಲರಿಗೂ ವ್ಯೂವರ್ ರೋಲ್ ಮಾತ್ರ.

ಹಾಗಾದರೆ ಪ್ಲಾಟ್‌ಫಾರ್ಮ್ ಯಾಕೆ ಬೇಕು ಅಂತ ಕೇಳಬಹುದು. ನೋಡಲು ಬೇಕು. ಆ ಟೆಸ್ಟರ್ ಕ್ಯೂಬ್‌ಸಿಟಿಎಲ್ (ಕ್ಯೂಬರ್ನೆಟೀಸ್‌ನ ಕಮಾಂಡ್ ಲೈನ್ ಸಲಕರಣೆ) ಮುಟ್ಟಿದವರಲ್ಲ, ಆದರೂ ರೆಡಿಸ್ ಲಾಗ್ ಹಿಡಿದುಕೊಟ್ಟವರು ಅವರೇ. ಕ್ಯೂಬರ್ನೆಟೀಸ್ ತನ್ನ ಇವೆಂಟ್‌ಗಳನ್ನು ಡೀಫಾಲ್ಟ್ ಆಗಿ ಇಟ್ಟುಕೊಳ್ಳುವುದು 1 ಗಂಟೆ ಮಾತ್ರ. ರಾತ್ರಿ ಸತ್ತ ಪಾಡ್‌ನ ಕಾರಣ ಬೆಳಿಗ್ಗೆ ಕೇಳಿದರೆ ಅದಕ್ಕೆ ನೆನಪಿರುವುದಿಲ್ಲ. ಇವೆಂಟ್, ಲಾಗ್, ಗ್ರಾಫ್ ಮೂರನ್ನೂ ಕೂಡಿಟ್ಟು, ಇಷ್ಟು ಗಂಟೆಗೆ ಏನಾಯಿತು ಅಂತ ಒಂದೇ ಜಾಗದಲ್ಲಿ ತೋರಿಸುವ ಕೆಲಸಕ್ಕೆ ನಾನು ಎಷ್ಟು ರ‍್ಯಾಮ್ ಬೇಕಾದರೂ ಕೊಡುತ್ತೇನೆ. ಡಿಪ್ಲಾಯ್ ಬಟನ್‌ಗೆ ಕೊಡುವುದಿಲ್ಲ.

ಕೊನೆಯದಾಗಿ ಡೇಟಾಬೇಸ್. ಅದೇ ಫಾರ್ಮ್‌ನಲ್ಲಿ ಸ್ಟೇಟ್‌ಫುಲ್ ಸರ್ವಿಸ್ ಅಂತಲೂ ಒಂದು ಆಯ್ಕೆ ಇದೆ. ಪೋಸ್ಟ್‌ಗ್ರೆಸ್ ಇಮೇಜ್ ಕೊಟ್ಟು, ವಾಲ್ಯೂಮ್ ಸೇರಿಸಿದರೆ ಎದ್ದು ನಿಲ್ಲುತ್ತದೆ. ಆದರೆ ಅದರ ಹಿಂದಿರುವ ಸ್ಟೇಟ್‌ಫುಲ್‌ಸೆಟ್ ಕೊಡುವುದು ಬದಲಾಗದ ಹೆಸರು ಮತ್ತು ತನ್ನದೇ ಡಿಸ್ಕ್, ಅಷ್ಟೇ. ಬ್ಯಾಕಪ್, ಫೇಲ್‌ಓವರ್ ಅದರ ಕೆಲಸ ಅಲ್ಲ. ಜೊತೆಗೆ ಇಲ್ಲೂ ಒಂದು ಖಾಲಿ ಬಾಕ್ಸ್ ಇದೆ. ಸ್ಟೋರೇಜ್ ಕ್ಲಾಸ್‌ನಲ್ಲಿ ರಿಕ್ಲೇಮ್ ಪಾಲಿಸಿ (ಬಳಕೆ ಮುಗಿದ ಡಿಸ್ಕ್ ಏನಾಗಬೇಕು ಅನ್ನುವುದು) ಬರೆಯದಿದ್ದರೆ ಅದು ಡಿಲೀಟ್. ಯಾರೋ ಕ್ಲೀನ್ ಮಾಡೋಣ ಅಂತ ಪ್ರಾಜೆಕ್ಟ್ ಅಳಿಸಿದರೆ ನೇಮ್‌ಸ್ಪೇಸ್ ಹೋಗುತ್ತದೆ, ಅದರ ಜೊತೆ ವಾಲ್ಯೂಮ್ ಕ್ಲೇಮ್ (ಡಿಸ್ಕ್ ಬೇಕು ಅಂತ ಹಾಕಿದ ಅರ್ಜಿ) ಹೋಗುತ್ತದೆ, ಅದರ ಹಿಂದೆ ಡಿಸ್ಕ್ ಹೋಗುತ್ತದೆ. ನಾವು ರೀಟೇನ್ ಅಂತ ಬರೆದ ಬೇರೆ ಸ್ಟೋರೇಜ್ ಕ್ಲಾಸ್ ಮಾಡಿಟ್ಟಿದ್ದೇವೆ, ರೆಡಿಸ್‌ಗೆ ಅದನ್ನೇ ಕೊಟ್ಟಿದ್ದೇವೆ. ಪೋಸ್ಟ್‌ಗ್ರೆಸ್ ಮಾತ್ರ ಇನ್ನೂ ಕ್ಲಸ್ಟರ್‌ನ ಹೊರಗೆ, ತನ್ನದೇ ಮಶೀನ್ ಮೇಲೆ ಇದೆ. ಅದನ್ನು ಒಳಗೆ ತರೋಣ ಅಂತ ಟೀಮ್‌ನಲ್ಲಿ ಆಗಾಗ ಮಾತು ಬರುತ್ತದೆ. ಬ್ಯಾಕಪ್‌ನಿಂದ ರಿಸ್ಟೋರ್ ಮಾಡಿ ತೋರಿಸಿದವರ ಮಾತು ಕೇಳುತ್ತೇನೆ ಅಂತ ಹೇಳಿದ್ದೇನೆ.